ಟೈ ಕಟ್ಟಿದ ತಜ್ಞನ ಭವಿಷ್ಯ

ಎರಡು ಸಾವಿರದ ಇಸವಿ ಹುಟ್ಟುವ ಹೊತ್ತಿಗೆ ಸರಿಯಾಗಿ ನನಗೂ ದಿನ ತುಂಬಿತ್ತು. ಚೊಚ್ಚಲ ಹೆರಿಗೆಗೆಂದು ಬೋರಗಾಂವದ ತವರಿಗೆ ಬಂದಿದ್ದೆ. ಕೂಸು ಅಡ್ಡ ತಿರುಗಿದೆ, ನೋವು ಕಾಣಿಸಿಕೊಂಡ ಕೂಡಲೇ ಮಿರಜಿಗೆ ಹೋಗಿ ಆಪರೇಷನ್ ಮಾಡಿಸಿ ಎಂದು ನಿಪ್ಪಾಣಿಯ ಡಾಕ್ಟರು ಹೇಳಿದ್ದರು.

ಅಪ್ಪ ಒಪ್ಪಲಿಲ್ಲ. ಅವರು ಓದುವ ಮರಾಠಿ ಪತ್ರಿಕೆಯಲ್ಲಿ ಟೈ ಕಟ್ಟಿದ ಕಂಪ್ಯೂಟರ್ ತಜ್ಞನೊಬ್ಬ ಭವಿಷ್ಯ ನುಡಿದಿದ್ದ: ಹೊಸ ಇಸವಿಯ ಸೊನ್ನೆಗಳು ಕಂಪ್ಯೂಟರಿಗೆ ತಿಳಿಯದೆ, ಅದು ಬಂದ ಗಳಿಗೆಗೆ ಕರೆಂಟು, ಫೋನು, ಆಸ್ಪತ್ರೆಯ ಯಂತ್ರ ಎಲ್ಲವೂ ನಿಂತುಹೋಗುತ್ತವೆ.

"ಹೊಟ್ಟಿ ಕೊಯ್ದ ಮ್ಯಾಲ ಮಷಿನ್ ಬಂದ್ ಬಿದ್ರ ಏನ್ ಮಾಡೂದು? ಸೂಲಗಿತ್ತಿನ್ನ ಕರಸೂಣು, ಮನ್ಯಾಗ ಆಗಲಿ" ಎಂದು ಅಪ್ಪ ಹಂಡೆಗೆ ನೀರು ತುಂಬಿಸಿದರು, ಕಂದೀಲು ಒರೆಸಿಟ್ಟರು. ನನಗೆ ಅತ್ತ ದರಿ, ಇತ್ತ ಪುಲಿ. ಕೂಸು ಒದ್ದಾಗಲೆಲ್ಲ ಇದೇ ಕೊನೆಯ ಒದೆತವೇನೋ ಎಂದು ಜೀವ ಬಾಯಿಗೆ ಬರುತ್ತಿತ್ತು. ಹೆದರಿಕೆಯೆಲ್ಲ ನನಗೆ, ಟೈ ಮಾತ್ರ ಅವನಿಗೆ!

ವರ್ಷದ ಕೊನೆಯ ದಿನ ಬೆಳಿಗ್ಗೆ ಸೊಂಟ ಹಿಡಿದುಕೊಂಡಿತು. ಹೇಳಿದರೆ ಅಪ್ಪ ಸೂಲಗಿತ್ತಿಯನ್ನು ಕರೆಸುತ್ತಾರೆಂದು ಸೆರಗು ಕಚ್ಚಿ ನೋವು ನುಂಗಿದೆ. ಅಪ್ಪನ ತಾಯಿ, ನಮ್ಮ ಆಯಿ, ನನ್ನ ಮುಖ ನೋಡಿಯೇ ತಿಳಿದುಕೊಂಡಳು.

"ಎಲ್ಲಾ ನಿಲ್ಲತಾವು ಅಂದಾವ ಯಾರಲೇ?" ಎಂದು ಅಪ್ಪನನ್ನು ಕೇಳಿದಳು. ಅಪ್ಪ ಪತ್ರಿಕೆ ಹಿಡಿದು ಫೋಟೊ ತೋರಿಸಿದರು. ಆಯಿಗೆ ಓದು ಬರದು, ಮುಖ ಮರೆಯದು.

"ಇಂವನ ಅಲ್ಲೇನು, ಕಂಪ್ಯೂಟರ್ ಮಗ್ಗ ಬರ್ತಾವು, ನಿಮ್ಮ ಮಗ್ಗ ಎರಡ ವರ್ಷದಾಗ ಗುಜರಿಗಿ ಹೋಗ್ತಾವು ಅಂದಾವ? ಅದನ್ನ ಕೇಳೇ ನೀ ಮಗ್ಗ ಮಾರಿದಿ. ಈಗ ಕಿವಿಗೊಟ್ಟ ಕೇಳು."

ಕೇಳಿಸಿತು. ಐದು ವರ್ಷದ ಹಿಂದೆ ಅಪ್ಪ ಪಕ್ಕದ ಮನೆಯವರಿಗೆ ಮಾರಿದ್ದ ಅವೇ ಮಗ್ಗಗಳು ಗೋಡೆಯಾಚೆ ಖಟಾಖಟ್ ಓಡುತ್ತಿದ್ದವು. ಅಪ್ಪ ಪತ್ರಿಕೆ ಮಡಚಿಟ್ಟರು. ಆಮೇಲೆ ಜೀಪು ತರಲು ಹೋದರು.

ಮಿರಜಿನ ದಾರಿಯುದ್ದಕ್ಕೂ ನಾನು ಆಯಿಯ ಕೈ ಬಿಡಲಿಲ್ಲ. "ಆಯೀ, ಈ ಸಲ ಅಂವ ಖರೇ ಹೇಳಿದ್ದರ?" ಎಂದೆ. ಅವಳು ಸೆರಗಿನಿಂದ ನನ್ನ ಹಣೆ ಒರೆಸಿದಳು. ಅವಳ ಕೈಯೂ ಬೆವತಿತ್ತು.

ಸಂಜೆಯೊಳಗೆ ಮಗಳು ಹುಟ್ಟಿದಳು. ಇನ್ನಷ್ಟು ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಅಲ್ಲಿಯ ಡಾಕ್ಟರು. ಹೊಸ ವರ್ಷದ ಬೆಳಿಗ್ಗೆ ಕಣ್ಣುಬಿಟ್ಟಾಗ ವಾರ್ಡಿನ ಟ್ಯೂಬ್‌ಲೈಟು ಎಂದಿನಂತೆ ಉರಿಯುತ್ತಿತ್ತು.

ಊರಿಗೆ ಮರಳಿ, ಮಗಳನ್ನು ತೊಟ್ಟಿಲಿಗೆ ಹಾಕಿದ ಮೇಲಿನ ಮಾತು. ಪತ್ರಿಕೆಯಲ್ಲಿ ಮತ್ತೆ ಅದೇ ಮುಖ, ಅದೇ ಟೈ. ತಪ್ಪಿದ ಮಾತಿನ ಬಗ್ಗೆ ಚಕಾರವಿಲ್ಲ.

"ಮುಂದಿನ ಹತ್ತ ವರ್ಷದ್ದು ಹೇಳ್ಯಾನವ್ವಾ, ಓದಲೇನು?" ಎಂದು ನನ್ನನ್ನು ಕೇಳಿದರು ಅಪ್ಪ. ಅವರ ಕಣ್ಣಲ್ಲಿ ಅದೇ ಹಳೆಯ ನಂಬಿಕೆ ಇತ್ತು. ಮಲಗಿದ್ದ ಮಗಳನ್ನು ತೊಟ್ಟಿಲಿನಿಂದ ಎತ್ತಿ ಎದೆಗವಚಿಕೊಂಡೆ.