ಗೌರವ್ವ ಕಾಕು ತೆಗೆದಿಡುತ್ತಿದ್ದ ಸೀರೆಗಳು

ಗೌರವ್ವ ಕಾಕು ಯಾರನ್ನಾದರೂ ಬೈಯುವ ಮೊದಲು ಕನ್ನಡಕ ತೆಗೆದು, ಸೆರಗಿನ ಚುಂಗಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಗಜೇಂದ್ರಗಡದ ಪೇಟೆಯಲ್ಲಿದ್ದ ಅವರ ಸೀರೆ ಅಂಗಡಿಗೆ ಬಂದು ಹೋಗುವವರಿಗೆಲ್ಲ ಈ ಸೂಚನೆ ಗೊತ್ತಿತ್ತು. ಕನ್ನಡಕ ಇಳಿಯಿತೆಂದರೆ ಕೊರಿಯರಿನವನು ಹೊಸ್ತಿಲಿನಲ್ಲೇ ನಿಂತುಬಿಡುತ್ತಿದ್ದ. ಯಾಕೆ ಹೀಗೆ ಎಂದು ನಾನೊಮ್ಮೆ ಕೇಳಿದೆ.

"ಮಾರಿ ಚಂದಂಗ ಕಂಡ್ರ ಕನಿಕರ ಬರ್ತೈತಿ, ತಂಗಿ. ಕನಿಕರ ಬಂತಂದ್ರ ಬೈಗಳ ಅರ್ಧಕ್ಕ ನಿಂದರ್ತಾವ. ಮಸಕ ಮಸಕ ಕಂಡ್ರ ಬೈಯಾಕ ಚಲೋ."

ನನಗೆ ದಿನಚರಿ ಬರೆಯುವ ಅಭ್ಯಾಸ. ಮಳೆ ಬಂದದ್ದು, ನೀರು ಬಿಟ್ಟದ್ದು, ಕರೆಂಟು ಹೋದದ್ದು ಎಲ್ಲಕ್ಕೂ ಅದರಲ್ಲಿ ಒಂದೊಂದು ಗೀಟು ಬೀಳುತ್ತದೆ. ಕಾಕುವಿನ ಕನ್ನಡಕಕ್ಕೂ ಒಂದು ಸಾಲು ಇಟ್ಟಿದ್ದೆ. ಮದುವೆಗಳ ಕಾಲದಲ್ಲಿ ಆ ಸಾಲಿನ ಗೀಟುಗಳು ಪುಟದ ಅಂಚು ಮುಟ್ಟುತ್ತಿದ್ದವು.

ಅವರ ಮನೆ ನಮ್ಮ ಮನೆಯ ಎದುರಿಗೇ. ಅಂಗಡಿಯಲ್ಲಿ ಮೂರು ಜನ: ಗಾದಿಯ ಮೇಲೆ ಕಾಕು, ಪಕ್ಕದಲ್ಲಿ ಅವರ ಗಂಡ ಈರಪ್ಪ ಕಾಕಾ, ಬಾಗಿಲ ಬಳಿ ಮಗ ಮಾಂತೇಶಣ್ಣ. ಕಾಕಾ ಮಾತು ಕಡಿಮೆ. ಚಹಾವನ್ನು ಬಸಿಗೆ ಸುರುವಿಕೊಂಡು ಸದ್ದಿಲ್ಲದೆ ಹೀರುತ್ತ ದಿನ ಕಳೆಯುತ್ತಿದ್ದರು. ವ್ಯಾಪಾರವೆಲ್ಲ ಕಾಕುವಿನದೇ. ಊರಿನ ಕೈಮಗ್ಗಗಳಿಂದ ಸೀರೆ ತರಿಸುವವರೂ ಅವರೇ, ಗಿರಾಕಿಯ ಮುಂದೆ ಹರವಿ ತೋರಿಸುವವರೂ ಅವರೇ. ಹರವಿದ ಮೇಲೆ ಸೆರಗನ್ನು ತಿರುವಿಹಾಕಿ, ಸೆರಗಿನ ನೂಲನ್ನು ಮೈಯ ನೂಲಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿದ ಜಾಗದ ಮೇಲೆ ಗಿರಾಕಿಯ ಬೆರಳು ಹಿಡಿದು ಆಡಿಸುತ್ತಿದ್ದರು. "ಹತ್ತಿತೇನು ಕೈಗೆ? ಇದು ಹತ್ತಿದ್ರ ಕೈಮಗ್ಗದ್ದು. ನುಣ್ಣಗಿದ್ರ ಮಷೀನಿಂದು. ನನ್ನ ನಂಬಬ್ಯಾಡ್ರಿ, ನಿಮ್ಮ ಬಟ್ಟು ನಂಬ್ರಿ."

ಅಂಗಡಿಯಲ್ಲಿ ಇನ್ನೊಂದು ರೂಢಿ ಇತ್ತು. ರೋಣ, ನರಗುಂದ, ಸವಡಿ ಕಡೆಯಿಂದ ಬಂದ ಹೆಣ್ಣುಮಕ್ಕಳು ಸೀರೆ ಮೆಚ್ಚಿ, ಮನೆಯಲ್ಲಿ ಕೇಳಿ ಬರುತ್ತೇನೆಂದು "ತಗದಿಡ್ರಿ" ಎಂದರೆ ಸಾಕು. ಕಾಕು ಆ ಸೀರೆಯನ್ನು ಬಿಳಿ ಅರಿವೆಯಲ್ಲಿ ಸುತ್ತಿ ತಮ್ಮ ಬೆನ್ನ ಹಿಂದಿನ ಹಲಗೆಯ ಮೇಲೆ ಇಡುತ್ತಿದ್ದರು. ಮುಂದಿನ ಸಂತೆಯವರೆಗೆ ಅದು ಆ ಹೆಣ್ಣುಮಗಳದು. ಹೆಚ್ಚಿಗೆ ರೊಕ್ಕ ಕೊಡುತ್ತೇನೆಂದು ಬೇರೆಯವರು ಬಂದರೂ ಅದು ಹಲಗೆಯಿಂದ ಇಳಿಯುತ್ತಿರಲಿಲ್ಲ.

ನಾನು ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ವರ್ಷ ಅಂಗಡಿಯನ್ನು ಆನ್‌ಲೈನಿಗೆ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಹೇಗೆ ಮಾಡಬೇಕೆಂದು ಕಾಕುವಿನದೇ ಹುಕುಂ. ಫೋಟೋ ಬೆಳಗಿನ ಬಿಸಿಲಲ್ಲಿ ಹೊಸ್ತಿಲ ಮೇಲೆ ತೆಗೆಯಬೇಕು, ಫೋನಿನಲ್ಲಿ ಬಣ್ಣ ತಿದ್ದಬಾರದು. ಪ್ರತಿ ಸೀರೆಗೂ ಸೆರಗು ತಿರುವಿದ ಒಂದು ಫೋಟೋ ಬೇಕು. ಮೊದಲ ಸಲ ಒಗೆದಾಗ ಬಣ್ಣ ಬಿಡುವುದಿದ್ದರೆ ಹಾಗೆಂದು ಬರೆಯಬೇಕು. "ಕಾಕು, ಹಂಗ ಬರದ್ರ ಯಾರ ತಗೋತಾರ್ರಿ?" ಎಂದೆ. "ತಗೊಂಡ ಮ್ಯಾಲ ನನ್ನ ಹೆಸರ ಹಿಡದು ಬೈಯೂಕಿಂತ ತಗೊಳ್ಳದ ಇರೂದು ಪಾಡ" ಎಂದರು. ಮೊದಲ ಪುಟಕ್ಕೆ ಗಂಡ ಹೆಂಡತಿ ಇಬ್ಬರೂ ಗಾದಿಯ ಮೇಲೆ ಕೂತ ಫೋಟೋ ತೆಗೆದೆ. ಕಾಕಾ ಬಸಿ ಕೆಳಗಿಡಲು ಒಪ್ಪಲಿಲ್ಲ. ಅದು ಕೈಯಲ್ಲಿದ್ದಂತೆಯೇ ಬಂತು.

ಗಲಾಟೆ ಶುರುವಾದದ್ದು ಆನ್‌ಲೈನಿನ ಬುಟ್ಟಿಯಿಂದ. ಸೀರೆ ಆರಿಸಿ ಬುಟ್ಟಿಗೆ ಹಾಕಿ, ಕೊಳ್ಳದೆ ಹೊರಟುಹೋದವರ ಹೆಸರು, ನಂಬರು ನನ್ನ ಪರದೆಯ ಮೇಲೆ ಕಾಣುತ್ತಿದ್ದವು. ಇದು ಎಲ್ಲ ಆನ್‌ಲೈನ್ ಅಂಗಡಿಗಳಲ್ಲೂ ಇರುವುದೇ ಎಂದು ಕಾಕುವಿಗೆ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಬುಟ್ಟಿಗೆ ಹಾಕಿದರೆಂದರೆ "ತಗದಿಡ್ರಿ" ಅಂದಂತೆ. ಆ ಸೀರೆಗಳೆಲ್ಲ ಕಪಾಟಿನಿಂದ ಇಳಿದು, ಬಿಳಿ ಅರಿವೆ ಸುತ್ತಿಕೊಂಡು ಹಲಗೆ ಏರಿದವು. ಆಮೇಲೆ ಕಾಕು ಕನ್ನಡಕ ತೆಗೆದು ಫೋನ್ ಹಚ್ಚಿಸುತ್ತಿದ್ದರು.

"ನಮಸ್ಕಾರ್ರಿ ಅವ್ವಾರ, ಗಜೇಂದ್ರಗಡದಿಂದ ಗೌರವ್ವ. ಹಸರ ಸೀರಿ ಬುಟ್ಯಾಗ ಹಾಕಿ ಹಂಗ ಎದ್ದ ಹೋಗೀರಲ್ಲ? ನಾ ತಗದಿಟ್ಟೇನಿ. ಒಯ್ತೀರೋ, ಬಿಡ್ತೀರೋ? ಬಿಡೂದಿದ್ರ ಬಾಯಿ ಬಿಟ್ಟು ಹೇಳ್ರಿ."

ಕೆಲವರು ಫೋನ್ ಇಟ್ಟುಬಿಡುತ್ತಿದ್ದರು. ಬೆಳಗಾವಿಯ ಒಬ್ಬ ಹೆಣ್ಣುಮಗಳು ಆಫೀಸಿನಲ್ಲಿ ಬಿಡುವಿತ್ತು, ಸುಮ್ಮನೆ ನೋಡುತ್ತಿದ್ದೆ ಅಂದಳು. "ನೋಡಾಕ ಬುಟ್ಟಿ ಯಾಕ್ರಿ? ಕಣ್ಣು ಸಾಲಂಗಿಲ್ಲೇನು?" ಎಂದು ಕಾಕು ಗುಡುಗಿದರು. ಆಕೆ ನಕ್ಕು ನಕ್ಕು ಆ ಹಸಿರು ಸೀರೆಯನ್ನೇ ಕೊಂಡಳು, ದೀಪಾವಳಿಗೆ ಫೋನ್ ಮಾಡಿ ಇನ್ನೊಂದು ತರಿಸಿಕೊಂಡಳು. ಆದರೆ ಹಲಗೆ ತುಂಬಿ ಕಪಾಟು ಬರಿದಾಗತೊಡಗಿತು. ರೋಣದಿಂದ ಮದುವೆ ಜವಳಿಗೆ ಬಂದ ಒಂದು ಮನೆತನದವರು ಹಲಗೆಯ ಮೇಲಿನ ಸೀರೆಗಳನ್ನೇ ಕೇಳಿ, ಸಿಗದೆ, ಎದ್ದು ಹೋದರು.

"ಅವ್ವಾ, ಎದುರಿಗೆ ಕುಂತ ಗಿರಾಕಿ ಕಳಿಸಿ, ಕಾಣದಾಕಿಗೆ ತಗದಿಡ್ತಿಯಲ್ಲ! ಮಗ್ಗದಾವ್ರ ಹೊಟ್ಟಿ ನಿನ್ನ ಹಲಗಿ ತುಂಬಸತೈತೇನು?" ಎಂದು ಮಾಂತೇಶಣ್ಣ ಹಾರಾಡಿದ. ಅವನ ಮಾತಿನಲ್ಲಿ ಅರ್ಧ ಖರೇ ಇತ್ತು. ಕಾಕು ಅದನ್ನು ಒಪ್ಪಲಿಲ್ಲ. ಒಪ್ಪಿದ್ದರೆ ಅವರು ಗೌರವ್ವ ಕಾಕು ಆಗುತ್ತಿರಲಿಲ್ಲ.

ಆಮೇಲೆ ಅವನು ಹುಬ್ಬಳ್ಳಿಯಿಂದ ಒಬ್ಬ ಸಲಹೆಗಾರನನ್ನು ಕರೆಸಿದ. ನನ್ನ ಕೆಲಸ ಹೋಯಿತು, ಪಾಸ್‌ವರ್ಡೂ ಬದಲಾಯಿತು. ನನ್ನ ಸಿಟ್ಟು ಅದಕ್ಕಲ್ಲ. ಆ ಮನುಷ್ಯ ಅಂಗಡಿಯನ್ನು ಹೇಗೆ ಸುಧಾರಿಸಿದ ಅನ್ನುವುದಕ್ಕೆ. ಪ್ರತಿ ಸೀರೆಯ ಕೆಳಗೆ 'ಇನ್ನು ಎರಡೇ ಉಳಿದಿವೆ' ಎಂದು ಬಂತು, ವಾರ ಕಳೆದರೂ ಎರಡೇ ಉಳಿದಿರುತ್ತಿದ್ದವು. ಕೊಳ್ಳದವರ ಹೆಸರಿನಲ್ಲಿ ಹೊಗಳಿಕೆ ಬಂತು. ಸೆರಗು ತಿರುವಿದ ಫೋಟೋಗಳು ಮಾಯವಾದವು. ಮೊದಲ ಪುಟದಲ್ಲಿ ನಾನು ತೆಗೆದ ಫೋಟೋವನ್ನೇ ಹಾಕಿದ್ದ. ಆದರೆ ಈರಪ್ಪ ಕಾಕಾರನ್ನು ಅದರಿಂದ ಕತ್ತರಿಸಿದ್ದ. ಅಂಚಿನಲ್ಲಿ ಅವರ ಬಸಿಯ ಅರ್ಧ ಮಾತ್ರ ಉಳಿದಿತ್ತು. ಕೆಳಗೆ ಹೀಗೆ ಬರೆದಿತ್ತು: 'ಗಂಡನನ್ನು ಕಳೆದುಕೊಂಡ ಗೌರವ್ವಜ್ಜಿ ಒಂಟಿಯಾಗಿ ಮಗ್ಗದಲ್ಲಿ ನೇಯ್ದ ಸೀರೆಗಳು. ಕೊಂಡು ಕೈಹಿಡಿಯಿರಿ.'

ಕಾಕು ಜನ್ಮದಲ್ಲಿ ಮಗ್ಗದ ಮೇಲೆ ಕೂತವರಲ್ಲ. ಗಂಡ ಮಗ್ಗುಲಲ್ಲೇ ಚಹಾ ಕುಡಿಯುತ್ತಿದ್ದರು.

ವ್ಯಾಪಾರ ಮಾತ್ರ ಏರಿತು. ದಿನಾ ಪೊಟ್ಟಣಗಳು ಹೋಗುತ್ತಿದ್ದವು. ಆನ್‌ಲೈನಿನ ಸರಕನ್ನು ಮಾಂತೇಶಣ್ಣ ಹಿಂದಿನ ಕೋಣೆಯಲ್ಲೇ ಕಟ್ಟಿಸಿ ಕಳಿಸುತ್ತಿದ್ದ, ಅವ್ವನ ಮುಂದೆ ತರುತ್ತಿರಲಿಲ್ಲ. ಕಾಕುವಿಗೆ ಫೋನಿನ ಪರದೆ ಓದಲು ಬರುತ್ತಿರಲಿಲ್ಲ. ಅದರಲ್ಲಿ ಬರೆದದ್ದನ್ನು ನಾನು ಓದಿ ಹೇಳುವ ಮೊದಲೇ ಅದು ಕಾಲು ಬಂದು ಅಂಗಡಿಗೆ ನಡೆದುಬಂತು.

ಇಟಗಿಯ ಭೀಮವ್ವನ ಗುಡಿಗೆ ಹೊರಟಿದ್ದ ದಾವಣಗೆರೆ ಕಡೆಯ ಒಬ್ಬ ಹೆಂಗಸು ದಾರಿಯಲ್ಲಿ ಇಳಿದು ಅಂಗಡಿ ಹುಡುಕಿಕೊಂಡು ಬಂದರು. ನಾನು ಅಲ್ಲೇ ಇದ್ದೆ. ಆನ್‌ಲೈನಿನಲ್ಲಿ ಕೊಂಡ ಸೀರೆಯನ್ನೇ ಉಟ್ಟಿದ್ದರು. ಕೈಯಲ್ಲಿ ಒಂದು ಕಂಬಳಿ, ಒಂದು ಚೀಲ ಹಳೆಯ ಬಟ್ಟೆ.

"ಗೌರವ್ವಜ್ಜಿ ನೀವೇ ಅಲ್ವಾ? ನಿಮ್ಮ ಕಥೆ ಓದಿ ಕರುಳು ಕಿವುಚಿದಂಗಾಯ್ತು. ಯಜಮಾನರು ತೀರಿಕೊಂಡು ಎಷ್ಟು ದಿನ ಆಯ್ತು?"

ಕಾಕು ಗಂಡನ ಕಡೆ ನೋಡಿದರು. ಕಾಕಾ ಬಸಿಯನ್ನು ತುಟಿಯಿಂದ ಇಳಿಸಿ, "ತೀರಿದಾಂವ ನಾನೇನ್ರಿ?" ಎಂದರು.

ಆ ಹೆಂಗಸಿನ ಮುಖ ಕೆಂಪಾಯಿತು. ಫೋನ್ ತೆಗೆದು ತೋರಿಸಿದರು. ಅಲ್ಲಿದ್ದದ್ದನ್ನು ನಾನು ಗಟ್ಟಿಯಾಗಿ ಓದಬೇಕಾಯಿತು. ಕಾಕು ಎದ್ದು, ಅವರ ಸೆರಗನ್ನು ಕೈಗೆ ತೆಗೆದುಕೊಂಡು, ತಿರುವಿ ಬೆರಳಾಡಿಸಿದರು. ಮತ್ತೊಮ್ಮೆ ಆಡಿಸಿದರು. "ನುಣ್ಣಗೈತಿ" ಎಂದರು, ತಮಗೆ ತಾವೇ ಹೇಳಿಕೊಂಡಂತೆ. ಕಪಾಟಿನಿಂದ ಅದೇ ಬಣ್ಣದ ಕೈಮಗ್ಗದ ಸೀರೆ ತೆಗೆದು, ಅವರ ಬೆರಳು ಹಿಡಿದು ಕೊಂಡಿಯ ಮೇಲೆ ಆಡಿಸಿ, "ಇದು ನಿಮ್ದು. ಕಂಬಳಿ ಗುಡಿ ಮುಂದ ಚಳ್ಯಾಗ ಕುಂತವ್ರಿಗೆ ಕೊಡ್ರಿ" ಎಂದು ಕಳಿಸಿಕೊಟ್ಟರು.

ಮಾಂತೇಶಣ್ಣ ಬಂದಾಗ ನಾನು ಕಾಕುವಿನ ಕೈಯನ್ನೇ ನೋಡುತ್ತಿದ್ದೆ. ಕನ್ನಡಕ ಇಳಿಯಲಿಲ್ಲ. ಮೂಗಿನ ಮೇಲೆ ಅದನ್ನು ಇನ್ನಷ್ಟು ಒತ್ತಿಕೊಂಡರು.

"ಇವತ್ತ ನಿನ್ನ ಮಾರಿ ಚಂದಂಗ ನೋಡೇ ಬೈತೀನಿ. ನಿಮ್ಮಪ್ಪನ್ನ ಕೊಂದು ಸೀರಿ ಮಾರ್ತಿಯೇನಲೇ?"

"ಫೋಟೋ ಕತ್ತರಿಸಿದ್ರ ಯಾರೂ ಸಾಯಂಗಿಲ್ಲವ್ವ. ಎಲ್ಲಾರೂ ಹಿಂಗ ಮಾಡ್ತಾರ. ಮಗ್ಗದ್ದು ಸಾಲಲಿಲ್ಲ, ಹೊರಗಿಂದ ತರಿಸಿದೆ. ಬ್ಯಾಡಂದ್ರ ಅಂಗಡಿ ಮುಚ್ಚೂಣೇನು?"

"ಮುಚ್ಚು. ಇಲ್ಲಾ, ನನ್ನ ಬದ್ಲಿ ನಿನ್ನ ಫೋಟೋ ಹಾಕು. ಹೆಂಡ್ತಿ ಸತ್ತಾಳ, ಪಾಪ ಒಬ್ಬಾಂವ ನೇಯಾಕತ್ತಾನ ಅಂತ ಬರಿ. ಮನ್ಯಾಗ ನಿನ್ನ ಹೆಂಡ್ತಿಗೂ ಒಂದ ಮಾತ ಕೇಳು ಮತ್ತ, ಹೂಂ ಅಂತಾಳೇನು!"

ಆ ವಾರ ಫೋಟೋ ಇಳಿಯಿತು. ಮುಂದಿನ ವಾರ ವ್ಯಾಪಾರ ಬಿತ್ತೆಂದು ಮತ್ತೆ ಏರಿತು. ಅಂದಿನಿಂದ ಕಾಕು ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಸಂಜೆಗೆ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದರು. "ಇಳದೈತೇನು ನೋಡು" ಅನ್ನುತ್ತಿದ್ದರು. ನಾನು ಫೋನ್ ತೆಗೆದು ನೋಡಿ, "ಇಲ್ರಿ ಕಾಕು" ಅನ್ನುತ್ತಿದ್ದೆ. ಕನ್ನಡಕ ಇಳಿಯುತ್ತಿತ್ತು. ಬೈಗಳು ಮಾತ್ರ ಹೊರಡುತ್ತಿರಲಿಲ್ಲ.

ಚಳಿಗಾಲದಲ್ಲಿ ಕಾಕುವಿಗೆ ಜ್ವರ ಬಂತು. ದವಾಖಾನೆಗೆ ಸೇರಿಸುವ ಹಿಂದಿನ ದಿನ ನೋಡಲು ಹೋಗಿದ್ದೆ. ಕಾಕಾ ಅವರ ಕಾಲ ಬಳಿ ಕೂತಿದ್ದರು. "ಆ ಫೋಟೋ ಇಳಿಸ್ರಿ, ತಂಗಿ. ನಾ ಹೋದಮ್ಯಾಲೂ ಅಲ್ಲಿ ಕುಂತು ಸುಳ್ಳ ಹೇಳ್ಕೋತ ಇರಬಾರ್ದು" ಎಂದರು ಕಾಕು. ಕಣ್ಣು ನನ್ನ ಮೇಲಿರಲಿಲ್ಲ, ಗಂಡನ ಮೇಲಿತ್ತು. ಅದೇ ಕಡೆಯ ಮಾತು. ದವಾಖಾನೆಯಿಂದ ಅವರು ತಿರುಗಿ ಬರಲಿಲ್ಲ.

ತಿಂಗಳ ಆಚಾರಗಳು ಮುಗಿದ ಮೇಲೆ ಫೋಟೋ ಇಳಿಸೆಂದು ನಾನು ಮಾಂತೇಶಣ್ಣನನ್ನು ಕೇಳಿದೆ. ನೋಡೋಣ ಅಂದ. ಮತ್ತೆ ಕೇಳಿದೆ. ಸಲಹೆಗಾರನನ್ನು ಕೇಳಬೇಕು ಅಂದ. ದಿನಚರಿಯಲ್ಲಿ ಕನ್ನಡಕದ ಸಾಲು ಖಾಲಿ ಬಿದ್ದಿತ್ತು. ಅವನನ್ನು ಕೇಳಿದ ಗೀಟುಗಳನ್ನು ಅದೇ ಸಾಲಿನಲ್ಲಿ ಹಾಕತೊಡಗಿದೆ.

ಹೋದ ಸಂತೆಯ ಬೆಳಿಗ್ಗೆ ಅಂಗಡಿಯ ಪುಟ ತೆರೆದೆ. ಕಾಕು ಹಾಗೇ ಕೂತಿದ್ದರು, ಅಂಚಿನಲ್ಲಿ ಅರ್ಧ ಬಸಿ. ಕೊಳ್ಳದೆ ಹೋದರೆ ಈಗ ಏನು ಮಾಡುತ್ತಾರೆ ನೋಡೋಣವೆಂದು ಒಂದು ಹಸಿರು ಸೀರೆಯನ್ನು ಬುಟ್ಟಿಗೆ ಹಾಕಿ ಮುಚ್ಚಿದೆ. ಚಹಾ ಆರುವಷ್ಟರಲ್ಲಿ ಸಂದೇಶ ಬಂತು, ಕಾಕುವಿನ ಮುಖದ ಜೊತೆ: 'ನಿಮ್ಮ ಸೀರಿ ನಾ ತಗದಿಟ್ಟೇನಿ, ತಂಗಿ. ಲಗೂ ಬರ್ರಿ. ನಿಮ್ಮ ಗೌರವ್ವ.'

ಚಹಾ ಅಲ್ಲೇ ಬಿಟ್ಟು ಸಿಟ್ಟಿನಲ್ಲಿ ಎದ್ದೆ. ನೆಟ್ಟಗೆ ಅಂಗಡಿಗೆ ನಡೆದೆ. ಗಿರಾಕಿಗಳಿಂದ ತುಂಬಿತ್ತು. ಎಲ್ಲರಿಗೂ ಕೇಳುವಂತೆ ಸಂದೇಶ ಓದಿ, "ನನ್ನ ಸೀರಿ ಎಲ್ಲೈತಿ, ಮಾಂತೇಶಣ್ಣ? ತಗದಿಟ್ಟಾರಂತ, ತೋರಸು" ಎಂದೆ.

"ಅದು ತಾನ ಹೋಗತೈತಿ, ಎಲ್ಲಾರಿಗೂ" ಎಂದು ಅವನು ದನಿ ತಗ್ಗಿಸಿದ. "ಈ ಒಂದು ಮಾತಿಗೇ ಜನ ಭಾಳ ವಾಪಸ್ ಬರ್ತಾರ, ಗೊತ್ತೈತೇನು?"

"ನಾನೂ ಬಂದೇನಲ್ಲ. ತೋರಸು."

ಹಲಗೆಯ ಮೇಲೆ ವಿಳಾಸದ ಚೀಟಿ ಹೊಡೆಯುವ ಯಂತ್ರ ಕೂತಿತ್ತು. ಈರಪ್ಪ ಕಾಕಾ ಬಸಿ ಕೆಳಗಿಟ್ಟರು. ಎದ್ದು ಹೋಗಿ, ಯಂತ್ರದ ವೈರು ಕಿತ್ತು, ಅದನ್ನು ಎರಡೂ ಕೈಯಿಂದ ಎತ್ತಿ ಮಗನ ಕಾಲ ಬಳಿ ನೆಲದ ಮೇಲಿಟ್ಟರು. ಕಪಾಟಿನಲ್ಲಿದ್ದ ಹಸಿರು ಸೀರೆಗಳನ್ನು ಒಂದೊಂದಾಗಿ ತಿರುವಿ ಬೆರಳಾಡಿಸಿ, ಒಂದನ್ನು ಆರಿಸಿ, ಬಿಳಿ ಅರಿವೆ ಸಿಗದೆ ತಮ್ಮ ಹೆಗಲ ಮೇಲಿನ ಟವಲಿನಲ್ಲಿ ಸುತ್ತಿ ಹಲಗೆಯ ಮೇಲಿಟ್ಟರು.

"ಯಾವಾಗ ಒಯ್ತಿ, ತಂಗಿ?"

"ಮುಂದಿನ ಸಂತಿಗಿ, ಕಾಕಾ."

ಸಂತೆ ನಾಳೆ. ಫೋಟೋ ಇನ್ನೂ ಇಳಿದಿಲ್ಲ. ನಾನು ಹೋಗಿ ಆ ಸೀರೆ ಒಯ್ಯುತ್ತೇನೆ. ಹೋಗುವ ಮೊದಲು ಇನ್ನೊಂದನ್ನು ಬುಟ್ಟಿಗೆ ಹಾಕುತ್ತೇನೆ, ಅದನ್ನೂ ತೋರಿಸೆನ್ನಲು.