ಆರತಿ ತಟ್ಟೆ ಹಿಡಿದವಳು

ಕಳೆದ ಆಯುಧಪೂಜೆಗೆ ಚಾಮರಾಜಪೇಟೆಯ ಒಂದು ಗ್ಯಾರೇಜಿನ ಮುಂದೆ ಬೂದುಗುಂಬಳಕಾಯಿ ಒಡೆದಿದ್ದರು. ಕುಂಕುಮ ಬೆರೆತ ಕಾಯಿನೀರು, ಕರ್ಪೂರ, ಆ ಹಸಿ ವಾಸನೆ... ಬಾಳೆಕಂದಿಗೆ ಚೌಕಾಸಿ ಮಾಡುತ್ತಿದ್ದವಳು ಕೇಳಿದಷ್ಟು ಕೊಟ್ಟುಬಿಟ್ಟೆ. ನಮ್ಮ ಮೇಡಂ ನೆನಪಾದರು.

ತೊಂಬತ್ತರ ದಶಕದಲ್ಲಿ ಅಲ್ಲೇ ಹತ್ತಿರದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತೆಯಾಗಿದ್ದೆ. ಅಲ್ಲಿಗೆ ಮುಖ್ಯಸ್ಥರಾಗಿ ಬಂದ ಮೊದಲ ಹೆಂಗಸು ಅವರು. ಗಂಡ ತೀರಿಹೋಗಿ ಐದಾರು ವರ್ಷವಾಗಿತ್ತು. ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ ಹಾಜರಿ ಪುಸ್ತಕವನ್ನು ತಮ್ಮ ಕೋಣೆಗೆ ತರಿಸಿಕೊಳ್ಳುತ್ತಿದ್ದರು. ಹಿಂದಿನ ಸಾಹೇಬರು ಅದನ್ನೇ ಮಾಡಿದಾಗ ಖಡಕ್ ಮನುಷ್ಯ ಅಂದಿದ್ದೆವು. ಇವರು ಮಾಡಿದಾಗ ಬಜಾರಿ ಅಂದೆವು. ಅವರು ಸಹಿ ಹಾಕಿದ ಆದೇಶ ಕೂಡ ಸೂಪರಿಂಟೆಂಡೆಂಟರು ಹೂಂ ಅನ್ನುವ ತನಕ ಮುಂದಕ್ಕೆ ಹೋಗುತ್ತಿರಲಿಲ್ಲ. ತಪ್ಪೆಲ್ಲ ಗಂಡಸರದೇ ಎಂದು ಬರೆದು ಜಾರಿಕೊಳ್ಳಬಹುದಿತ್ತು. ಆದರೆ ಕ್ಯಾಂಟೀನಿನಲ್ಲಿ ಮೇಡಂ ಬಗ್ಗೆ ಆಡಿಕೊಂಡು ಆ ಗಂಡಸರ ಜೊತೆ ನಾನೂ ನಕ್ಕಿದ್ದೇನೆ.

ನನ್ನ ಮೇಲೆ ಮೇಡಂಗೆ ಅದೇನೋ ಅಕ್ಕರೆ. ಊಟದ ಹೊತ್ತಿನಲ್ಲಿ ಕರೆದು ಕಡತಕ್ಕೆ ಟಿಪ್ಪಣಿ ಬರೆಯುವುದನ್ನು ಹೇಳಿಕೊಡುತ್ತಿದ್ದರು.

"ಇಲಾಖಾ ಪರೀಕ್ಷೆ ಕಟ್ಟು. ಎಷ್ಟು ದಿನ ಅಂತ ಬೇರೆಯವರು ಬರೆದಿದ್ದನ್ನ ಟೈಪ್ ಮಾಡ್ಕೊಂಡಿರ್ತೀಯ?" ಅನ್ನುತ್ತಿದ್ದರು.

ಆಯುಧಪೂಜೆಯ ರಜೆಗೆ ಹಿಂದಿನ ದಿನ ಕಚೇರಿಯಲ್ಲಿ ಪೂಜೆ. ಬೀರು, ಟೈಪ್‌ರೈಟರ್, ಜೀಪು ಎಲ್ಲಕ್ಕೂ ಮುಖ್ಯಸ್ಥರೇ ಆರತಿ ಎತ್ತುವುದು ರೂಢಿ. ಆ ವರ್ಷ ಆರತಿ ತಾವೇ ಮಾಡುವುದಾಗಿ ಮೇಡಂ ವಾರದ ಮುಂಚೆಯೇ ಹೇಳಿದ್ದರು. ಎದುರಿಗೆ ಎಲ್ಲರೂ ತಲೆಯಾಡಿಸಿದರು. ಅವರು ಒಳಗೆ ಹೋದದ್ದೇ ಗುಸುಗುಸು ಶುರುವಾಯಿತು. ಪೂಜೆಯ ಬೆಳಿಗ್ಗೆ ಅವರಿಗೆ ಕೇಂದ್ರ ಕಚೇರಿಯಲ್ಲಿ ಮೀಟಿಂಗ್ ಇತ್ತು. ಹಿಂದಿನ ಸಂಜೆ ಸೂಪರಿಂಟೆಂಡೆಂಟರು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ನೋಡಮ್ಮಾ, ಮೇಡಂ ಕೇಳಿದ್ರೆ ಪೂಜೆ ಹನ್ನೆರಡಕ್ಕೆ ಅಂದ್ಬಿಡು. ನಾವು ಹತ್ತಕ್ಕೆಲ್ಲಾ ಮುಗಿಸ್ಬಿಡೋಣ. ಅವರ ಕೈಲಿ ಆರತಿ ಮಾಡಿಸಿದ್ರೆ ಆಫೀಸಿಗೆ ಒಳ್ಳೇದಾಗುತ್ತಾ? ನೀನು ಮುತ್ತೈದೆ, ನೀನೇ ತಟ್ಟೆ ಹಿಡಿ."

ಮೇಡಂ ಕೇಳಿದರು. ಹನ್ನೆರಡಕ್ಕೆ ಎಂದೆ... ಹೆದರಿ ಹಾಗೆ ಹೇಳಿದೆ ಅಂದುಕೊಂಡರೆ ಸ್ವಲ್ಪ ಸಮಾಧಾನವಾಗುತ್ತದೆ. ನಿಜ ಹೇಳಬೇಕೆಂದರೆ, ರೇಷ್ಮೆ ಸೀರೆ ಉಟ್ಟು ಅಷ್ಟು ಜನ ಗಂಡಸರ ಮುಂದೆ ಆರತಿ ಎತ್ತುವುದೆಂದು ನನಗೆ ಖುಷಿಯಾಗಿತ್ತು.

ಮಾರನೆಯ ದಿನ ಹನ್ನೊಂದೂವರೆಗೆ ಅವರು ಆಟೋದಲ್ಲಿ ಬಂದಿಳಿದರು. ತೊಳೆದು ಅಲಂಕಾರ ಮಾಡಲಿ ಎಂದು ಜೀಪನ್ನು ನಮಗೇ ಬಿಟ್ಟುಹೋಗಿದ್ದರು. ಕೈಯಲ್ಲಿ ಸೇವಂತಿಗೆಯ ದೊಡ್ಡ ಪೊಟ್ಟಣ, ಮೇಜಿಗೊಂದು ಮೊಳದ ಲೆಕ್ಕದಲ್ಲಿ ತಂದದ್ದು. ನಾವು ಆಗಲೇ ಕಡ್ಲೆಪುರಿ ತಿನ್ನುತ್ತಿದ್ದೆವು. ಜೀಪಿನ ಗಾಲಿಯಡಿ ನಿಂಬೆಹಣ್ಣು ಅಪ್ಪಚ್ಚಿಯಾಗಿತ್ತು. ಅದನ್ನೆಲ್ಲ ನೋಡಿ, ಕೊನೆಗೆ ನನ್ನ ಕಡೆ ತಿರುಗಿದರು.

"ಹನ್ನೆರಡಕ್ಕೆ ಅಂದಿದ್ದೆ ಅಲ್ವಾ?"

"ಟೈಮ್ ಚೇಂಜ್ ಆಯ್ತು ಮೇಡಂ," ಎಂದೆ.

ಹೂವನ್ನು ನನ್ನ ಮೇಜಿನ ಮೇಲಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹಾಜರಿ ಪುಸ್ತಕ ಕೇಳಿ ಕಳಿಸಿದರು. ಹಬ್ಬದ ದಿನವೂ ಬಿಡುವುದಿಲ್ಲ ಎಂದು ಯಾರೋ ನಕ್ಕರು. ಅಲ್ಲಿಂದಾಚೆ ಊಟದ ಹೊತ್ತಿನಲ್ಲಿ ಅವರು ನನ್ನನ್ನು ಕರೆಯಲಿಲ್ಲ. ಯುಗಾದಿಯೊಳಗೆ ತಾವೇ ಕೇಳಿ ವರ್ಗ ಮಾಡಿಸಿಕೊಂಡು ಹೋದರು.

ನಾನು ಆ ಪರೀಕ್ಷೆ ಕಟ್ಟಲೇ ಇಲ್ಲ. ಮೇಲಿನ ಕುರ್ಚಿಯಲ್ಲಿ ಕೂತ ಹೆಂಗಸನ್ನು ಏನು ಮಾಡುತ್ತಾರೆಂದು ಚೆನ್ನಾಗಿ ಗೊತ್ತಿತ್ತು, ಮಾಡಿದವರಲ್ಲಿ ನಾನೂ ಒಬ್ಬಳಲ್ಲವೇ... ಎರಡು ವರ್ಷದ ಹಿಂದೆ ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ ಮೇಡಂ ಫೋಟೊ ನೋಡಿದೆ. ತಪ್ಪಾಯ್ತು ಎಂದು ಹೇಳಲು ಇನ್ನು ಅವರಿಲ್ಲ. ನನಗೆ ಉಳಿದಿರುವುದು ನನ್ನ ನಿವೃತ್ತಿಯ ದಿನ ಕಚೇರಿಯವರು ಹಾರ ಹಾಕಿ ಆಡಿದ ಮಾತು: ಇಷ್ಟು ವರ್ಷದಲ್ಲಿ ಈಯಮ್ಮನಿಂದ ಯಾರಿಗೂ ಒಂದು ತೊಂದರೆಯೂ ಆಗಿಲ್ಲ.