ಸದನ ಮೇಜು ಕುಟ್ಟಿತು, ನಾನು ಬೆಂಚು ಒದ್ದೆ

ಹೋದ ವಾರ ಟ್ರಂಕಿನಲ್ಲಿ ಸೀರೆಗಳ ತಳಕ್ಕೆ ಹಾಸಿದ ಕಾಗದ ಬದಲಾಯಿಸೋಣವೆಂದು ಎಳೆದರೆ, ಅಚ್ಚಿನ ಹಾಳೆಯೊಂದು ಕೈಗೆ ಬಂತು. ಮೂಲೆಯಲ್ಲಿ ಲಾಡಿನ ತುಪ್ಪದ ಕಲೆ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿಕೊಂಡೇ ಓದಬೇಕು. ಈ ಹಾಳೆಗೆ ಮಾತ್ರ ಆ ಕಷ್ಟವಿಲ್ಲ, ಬಾಯಿಪಾಠವಾಗಿದೆ.

ಸಕಲೇಶಪುರದಲ್ಲಿ ಮಕ್ಕಳ ಬೆಳವಣಿಗೆಯ ಕೇಂದ್ರವೊಂದಿದೆ. ನಡೆಯದ, ಮಾತಾಡದ, ಕಿವಿ ಕೇಳದ ಮಕ್ಕಳಿಗೆ ಕಲಿಸಿ ಶಾಲೆಗೆ ಸೇರಿಸುವ ಜಾಗ. ಅದಕ್ಕೆ ಇಪ್ಪತ್ತೈದು ವರ್ಷ ತುಂಬಿದಾಗ ನಮ್ಮ ಕಡೆಯ ಶಾಸಕರು ವಿಧಾನಸಭೆಯಲ್ಲಿ ಎದ್ದು ಅದರ ಕೆಲಸವನ್ನು ಹೊಗಳಿದರಂತೆ, ಸದನವೆಲ್ಲ ಮೇಜು ಕುಟ್ಟಿ ಮೆಚ್ಚುಗೆ ದಾಖಲಿಸಿತಂತೆ. ಆ ಮಾತನ್ನೇ ಅಚ್ಚು ಹಾಕಿಸಿ ಸಮಾರಂಭದಲ್ಲಿ ಲಾಡಿನ ಜೊತೆ ಹಂಚಿದ್ದರು. ದೊಡ್ಡವರು ಮರ ಕುಟ್ಟಿದರೆ ಮರ್ಯಾದೆ. ನಾನೂ ಒಮ್ಮೆ ಮರ ಕುಟ್ಟಿದ್ದೆ, ಅದನ್ನೂ ಕೇಳಿ.

ನಮ್ಮೂರು ಆಲೂರು ತಾಲ್ಲೂಕಿನ ಮಗ್ಗೆ. ಅಲ್ಲಿಗೆ ಎಸ್‌ಟಿಡಿ ಬೂತು ಬಂದ ಹೊಸತು. ಮಗನ ಮಗಳು ಸುಮಳಿಗೆ ಎರಡು ವರ್ಷ. ಹಂದಿ ಓಡಿಸಲು ಗದ್ದೆಯಲ್ಲಿ ಪಟಾಕಿ ಸಿಡಿಸಿದರೆ ನಾಯಿ ಮಂಚದಡಿ ನುಗ್ಗುತ್ತಿತ್ತು, ಇವಳು ಮಣ್ಣಾಡುತ್ತ ಕೂತಿರುತ್ತಿದ್ದಳು. ನನಗೆ ಗೊತ್ತಾಗಿತ್ತು. ಸೊಸೆಗೂ ಅನುಮಾನವಿತ್ತು. ಆದರೆ ನನ್ನ ಚಿಕ್ಕ ಮಗಳಿಗೆ ಗಂಡು ನೋಡುತ್ತಿದ್ದ ಕಾಲ. ಮನೆತನದಲ್ಲಿ ಕಿವುಡು ಇದೆ ಎಂದರೆ ಯಾವ ಸಂಬಂಧ ಹೊಸಲು ದಾಟುತ್ತದೆ?

ಕೇಂದ್ರದ ಸರೋಜ ಟೀಚರ್ ಮಕ್ಕಳನ್ನು ಪರೀಕ್ಷಿಸುತ್ತ ನಮ್ಮ ಮನೆಗೂ ಬಂದರು. ಸುಮಳನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿ, ಹಿಂದೆ ನಿಂತು ಸ್ಟೀಲು ತಟ್ಟೆ ಬಡಿದರು. ಅದೇ ಬೆಂಚಿನ ತುದಿಯಲ್ಲಿದ್ದ ನಾನು ಸೀರೆಯ ಮರೆಯಲ್ಲಿ ಹಿಮ್ಮಡಿಯಿಂದ ಬೆಂಚಿನ ಕಾಲಿಗೆ ಒದ್ದೆ. ಹಲಗೆ ಅದುರಿತು. ಮಗು ತಿರುಗಿತು. ಮೂರು ಸಲ ತಟ್ಟೆ, ಮೂರು ಸಲ ಹಿಮ್ಮಡಿ.

“ಕೇಳ್ತದಲ್ಲಮ್ಮ!” ಟೀಚರಿಗೆ ಖುಷಿಯೋ ಖುಷಿ.

“ಕೇಳ್ದೆ ಏನು? ಇವ್ಳ ತಾತ ಬಾಯಿ ಬುಟ್ಟಿದ್ದೇ ನಾಕು ವರ್ಸಕ್ಕೆ. ಆಮೇಕೆ ಸಾಯೋಗಂಟ ಮುಚ್ಲಿಲ್ಲ,” ಎಂದೆ.

ಅವರು ನಗುತ್ತ ಪುಸ್ತಕದಲ್ಲಿ ಸರಿ ಗುರುತು ಹಾಕಿದರು. ಟೀಚರೇ ಹೇಳಿದ ಮೇಲೆ ಸೊಸೆ ಏನು ಮಾತಾಡಿಯಾಳು?

ಮಗಳ ಮದುವೆಗೆ ಎರಡು ವರ್ಷ ಹಿಡಿಯಿತು. ಅದು ಮುಗಿದ ಮೇಲೆ ಸುಮಳನ್ನು ಹಾಸನಕ್ಕೆ ಕರೆದುಕೊಂಡು ಹೋದೆವು. ಮಾತು ಕಲಿಯುವ ವಯಸ್ಸನ್ನೇ ಕಳೆದಿರಲ್ಲ ಎಂದರು ಡಾಕ್ಟರು. ಕಿವಿಗೆ ಮಿಷನ್ನು ಹಾಕಿಸಿದೆವು, ಕೇಂದ್ರದಲ್ಲಿ ಅಷ್ಟಿಷ್ಟು ಕಲಿತಳು. ಮಾತಾಡುತ್ತಾಳೆ, ಆದರೆ ಹೊಸಬರು ಎರಡೆರಡು ಸಲ ಕೇಳುತ್ತಾರೆ.

ಸಮಾರಂಭದ ದಿನ ಅವಳಿಗೆ ಹನ್ನೆರಡು. ವೇದಿಕೆಯಲ್ಲಿ ಯಾರೋ ಈ ಹಾಳೆ ಓದಿದರು: ‘ಈ ಬೆಟ್ಟಸೀಮೆಯ ಯಾವ ಮಗುವನ್ನೂ ಕೈಬಿಡದ ಸಂಸ್ಥೆ.’ ಶಾಲು ಹೊದ್ದಿದ್ದ ಸರೋಜ ಟೀಚರ್ ಮೈಕು ಇಸಿದುಕೊಂಡರು. “ಯಾವ ಮಗುವನ್ನೂ ಅನ್ಬೇಡಿ. ಮಗ್ಗೇಲಿ ಒಂದು ಮಗೂನ ನಾನು ಸರಿಯಾಗಿ ನೋಡ್ಲಿಲ್ಲ. ಅದರ ಎರಡು ವರ್ಷ ನನ್ನಿಂದ ಹಾಳಾಯ್ತು.”

ನಾನು ಕೈಯಲ್ಲಿದ್ದ ಲಾಡನ್ನು ಆ ಹಾಳೆಯಲ್ಲಿ ಸುತ್ತಿದೆ. ಆಮೇಲೆ ಅವರೇ ಹುಡುಕಿಕೊಂಡು ಬಂದು ನನ್ನ ಕೈ ಹಿಡಿದರು. “ಕ್ಷಮಿಸ್ಬೇಕು ಅಮ್ಮ.”

“ಹೋಗ್ಲಿ ಬುಡಿ, ಬೇಕೂಂತ ಮಾಡಿದ್ರಾ,” ಎಂದೆ. ನೋಡಿ, ಕ್ಷಮಿಸಿಯೂ ಬಿಟ್ಟೆ!

ಹೋದ ವಾರ ಹಾಳೆ ಹಿಡಿದು ಕೂತಿದ್ದಾಗ ಸುಮ ಬಂದಳು. ಈಗ ಆಲೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಎಲ್ಲ ಹೇಳಿದೆ. ನನ್ನ ತುಟಿಯನ್ನೇ ನೋಡುತ್ತಿದ್ದವಳು, ಬೆಂಚು ಒದ್ದಿದ್ದನ್ನು ಇನ್ನೊಂದು ಸಲ ಹೇಳಿಸಿದಳು.

“ಟೀಚರ್‌ಗೆ ಗೊತ್ತಾ?”

“ಇಲ್ಲ ಕಣವ್ವ.”

“ಸೀರೆ ಉಟ್ಕ. ಹೋಗಾಣ.”

ಟೀಚರ ಮನೆಗೆ ಹೋದೆವು. ಅವರಿಗೆ ತಲೆಯೆಲ್ಲ ಬೆಳ್ಳಗಾಗಿದೆ. ಕೂತುಕೊಳ್ಳಿ ಎಂದರೂ ಕೂರದೆ, ನಿಂತೇ ಹೇಳಿದೆ. “ಅಲ್ಲಿಂದಾಚೆಗೆ ಒಂದೊಂದು ಮಗೂನೂ ನಾಕು ನಾಕು ಸಲ ಪರೀಕ್ಷೆ ಮಾಡ್ತಿದ್ದೆ. ಆದ್ರೂ ಸರಿ ಅಂತ ಬರೆಯೋಕೆ ಧೈರ್ಯ ಬರ್ತಿರ್ಲಿಲ್ಲ,” ಎಂದರು. ಆಮೇಲೆ ಸುಮಳ ಕಡೆ ಮುಖ ತಿರುಗಿಸಿ, ಅವಳಿಗೆ ಬಾಯಿ ಕಾಣುವ ಹಾಗೆ ನಿಧಾನವಾಗಿ, ಹೊಲಿಗೆ ಹೇಗೆ ನಡೀತಿದೆ ಎಂದು ಕೇಳಿದರು.

ಒಳಗೆ ಹೋಗಿ ಕಾಫಿ ತಂದರು. ಎರಡೇ ಲೋಟ. ಅವರಿಬ್ಬರೂ ಕುಡಿದು ಮುಗಿಸುವವರೆಗೆ ನಾನು ಬಾಗಿಲ ಹತ್ತಿರ ನಿಂತಿದ್ದೆ.